ಎಂಟು ರಾಮರ ಆಟ

ಹಿರೇಕೆರೂರಿನ ಮಾವನ ಮನೆಯಲ್ಲಿ ಆಡೂರಿನ ಚನ್ನೇಶನಿಗೆ ‘ಕಂಪ್ಯೂಟರ್ ಅಳಿಯಂದ್ರು’ ಎಂಬ ಬಿರುದಿತ್ತು. ಅದೇನು ಪುಕ್ಕಟೆ ಬಂದದ್ದಲ್ಲ. ಆ ಮನೆಗೆ ಮೂವರು ಅಳಿಯಂದಿರು. ಹಿರಿಯವನಿಗೆ ನೀರಾವರಿ ಹೊಲವಿತ್ತು, ಕಿರಿಯವನಿಗೆ ಸರ್ಕಾರಿ ನೌಕರಿ ಇತ್ತು, ನಡುವಿನವನಾದ ಚನ್ನೇಶನಿಗೆ ಒಂದು ಕಂಪ್ಯೂಟರ್ ಇತ್ತು. ಮನೆಯ ಮುಂದಿನ ಕೋಣೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟು, ರೈತರಿಗೆ ಹೊಲದ ಉತಾರ, ಅಂದರೆ ಪಹಣಿ, ತೆಗೆದುಕೊಡಲು ಎಂದೋ ಕೊಂಡದ್ದು. ಅದರ ಬಿಳಿ ಮೈ ಅರಿಸಿನದ ಬಣ್ಣಕ್ಕೆ ತಿರುಗಿತ್ತು, ಶುರುವಾಗುವಾಗ ಹಿಟ್ಟಿನ ಗಿರಣಿಯ ಸದ್ದು ಮಾಡುತ್ತಿತ್ತು. ಆದರೆ ಹಿರೇಕೆರೂರಿನವರು ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲವಾದ್ದರಿಂದ ಗೌರವಕ್ಕೆ ಕುಂದು ಬಂದಿರಲಿಲ್ಲ. ಹೋದಾಗೆಲ್ಲ ಕೈ ಇರುವ ಕುರ್ಚಿ ಚನ್ನೇಶನಿಗೇ, ಹೋಳಿಗೆಯ ಮೇಲೆ ಎರಡನೇ ಸಲ ತುಪ್ಪ ಬೀಳುವುದೂ ಚನ್ನೇಶನಿಗೇ.

ಹೀಗಿರಲು ಆ ಮನೆಯ ಮಗ, ಅಂದರೆ ಚನ್ನೇಶನ ಹೆಂಡತಿ ಶ್ವೇತಾಳ ತಮ್ಮ ಸುದೀಪ, ಹೊಸ ಕಂಪ್ಯೂಟರ್ ತಂದ. ಅದರ ಡಬ್ಬಿಯೊಳಗೆ ಬಣ್ಣಬಣ್ಣದ ದೀಪಗಳು. ಪರದೆಯ ಮೇಲೆ ಯುದ್ಧದ ಆಟ. ಬಂದೂಕು ಹಿಡಿದ ಸೈನಿಕ ಓಡಿದ್ದೇ ಓಡಿದ್ದು, ಬೇಕೆಂದರೆ ಅವನ ಮೀಸೆಯ ಕೂದಲು ಎಣಿಸಬಹುದಿತ್ತು. ಹಬ್ಬದೂಟಕ್ಕೆ ಬಂದ ಬೀಗರೆಲ್ಲ ಸುದೀಪನ ಸುತ್ತ ನಿಂತರು. ಅತ್ತೆ ತುಪ್ಪದ ಗಿಂಡಿ ಹಿಡಿದುಕೊಂಡು ಬಂದವಳು ಪರದೆ ನೋಡುತ್ತ ಮೈಮರೆತು, ಚನ್ನೇಶನ ಪಾಲಿನ ಎರಡನೇ ತುಪ್ಪವನ್ನು ಮಗನ ತಾಟಿಗೆ ಸುರಿದುಬಿಟ್ಟಳು.

ಚನ್ನೇಶನಿಗೆ ತಡೆಯಲಾಗಲಿಲ್ಲ. “ಇದೇನ್ ಮಹಾ ಬಿಡ್ರಿ, ಈ ಆಟ ನನ್ನ ಕಂಪ್ಯೂಟರಿನಾಗೂ ಓಡತೈತಿ” ಎಂದ.

“ಹೌದೇನ್ರಿ ಮಾಮಾ?” ಎಂದ ಸುದೀಪ, ಕಣ್ಣು ಸಣ್ಣದು ಮಾಡಿ. “ಹಂಗಾರ ಬರೂ ಐತವಾರ ಆಡೂರಿಗೆ ಬರ್ತೇನಿ. ಓಡ್ತಂದ್ರ ಊರ ಮಂದಿ ಮುಂದ ನಿಮ್ಮ ಕಾಲಿಗೆ ಬೀಳ್ತೇನಿ. ಓಡ್ಲಿಲ್ಲಂದ್ರ ಮಾತ್ರ, ಇನ್ನ ಮ್ಯಾಲ ಈ ಮನಿಯಾಗ ಕಂಪ್ಯೂಟರ್ ಅನ್ನೂ ಹೆಸರು ನಂದು. ನೀವು ಬರೇ ಅಳಿಯಂದ್ರು.”

ಬರೇ ಅಳಿಯಂದ್ರು! ಹೊಲವಿಲ್ಲದ, ನೌಕರಿಯಿಲ್ಲದ ಬರೇ ಅಳಿಯನಿಗೆ ಕೈಯಿಲ್ಲದ ಸ್ಟೂಲು ಕೂಡ ಸಿಗುವುದಿಲ್ಲವೆಂಬುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಚನ್ನೇಶ ಭಾನುವಾರವೇ ಆಗಲಿ ಎಂದುಬಿಟ್ಟ. ಊರಿಗೆ ಮರಳುವ ಬಸ್ಸಿನಲ್ಲಿ ಶ್ವೇತಾ, “ಅದರಾಗ ಒಂದು ಉತಾರ ಬರೂದ್ರಾಗ ರೈತ ಹೊಲಕ್ಕ ಹೋಗಿ ಬಂದಿರ್ತಾನ. ಯುದ್ಧ ಬ್ಯಾರೆ ಮಾಡಸ್ತೀರೇನು?” ಎಂದಳು. ಹಾಗೆಂದರೂ ಹಳೆಯ ಕೂಲರ್ ಮಾರಿ ಬಂದ ದುಡ್ಡನ್ನು ಅವಳೇ ತಂದು ಅವನ ಕೈಗಿಟ್ಟಳು. ತವರಿನಲ್ಲಿ ಗಂಡನ ಕುರ್ಚಿ ಹೋದರೆ ಅವಳಿಗೇನು ಮರ್ಯಾದೆ?

ಮರುದಿನ ಚನ್ನೇಶ ಸಾವಣೂರಿನ ಕಂಪ್ಯೂಟರ್ ರಿಪೇರಿಯ ಇರ್ಫಾನನಿಗೆ ಫೋನು ಮಾಡಿದ. ಇರ್ಫಾನ ಎಲ್ಲ ಕೇಳಿಕೊಂಡು, “ನಿಮ್ಮದರಾಗ ರ‍್ಯಾಮ ಕಡಿಮಿ ಐತ್ರಿ ಅಣ್ಣಾರ. ಎಂಟರ ರ‍್ಯಾಮ ಹಾಕ್ರಿ, ಕುದ್ರಿ ಆಗತೈತಿ” ಎಂದ. ರ‍್ಯಾಮ ಎಂದರೆ ಕಂಪ್ಯೂಟರಿನ ನೆನಪಿನ ಪಟ್ಟಿ, ಎಂಟು ಎಂದರೆ ಎಂಟು ಜಿಬಿ, ಅದು ಹೆಚ್ಚಿದ್ದಷ್ಟೂ ಆಟ ಚುರುಕು.

ಇಲ್ಲಿ ಚನ್ನೇಶನ ಒಂದು ದೌರ್ಬಲ್ಯ ಹೇಳಲೇಬೇಕು. ಹೈಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ಅವನು ‘ಬ್ಯಾಡ’ ಎಂದದ್ದಕ್ಕೆ ಕನ್ನಡ ಮಾಸ್ತರರು ವೇದಿಕೆಯ ಮೇಲೇ ಕಿವಿ ಹಿಂಡಿದ್ದರು. ಅಂದಿನಿಂದ ಮನೆಯ ಮಾತು ಹೇಗಾದರೂ ಇರಲಿ, ಹೊಸ ಶಬ್ದದಲ್ಲಿ ‘ಯಾ’ ಒತ್ತು ಕೇಳಿದರೆ ಅದು ಕೆಟ್ಟ ರೂಪವೆಂದೇ ಅವನ ಗುಮಾನಿ. ಬ್ಯಾಂಕಿಗೆ ಬಾಂಕು ಎನ್ನುತ್ತಿದ್ದ, ಬ್ಯಾಟರಿಗೆ ಬಾಟರಿ ಎನ್ನುತ್ತಿದ್ದ. ರ‍್ಯಾಮ ಎಂಬುದು ಸಾವಣೂರಿನವರು ಕೆಡಿಸಿದ ಹೆಸರು, ಶುದ್ಧ ರೂಪ ರಾಮ ಎಂದು ಆ ಕ್ಷಣವೇ ತೀರ್ಮಾನಿಸಿದ.

ಮನೆಯಲ್ಲಿ ಫೋನಿನ ಮಾತು ಕಡಿಕಡಿದು ಬರುತ್ತಿತ್ತು. ಆಡೂರಿನಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ. ಚನ್ನೇಶ ಅಲ್ಲಿಗೆ ಹೋಗಿ ನಿಂತು, ಸಾವಣೂರಿಗೆ ಫೋನಿಲ್ಲದೆಯೇ ಮುಟ್ಟುವ ದನಿಯಲ್ಲಿ ಕೂಗತೊಡಗಿದ:

“ಹಲೋ ಇರ್ಫಾನ್ ಭಾಯ್! ಐತವಾರ ನಮ್ಮ ಮನಿಯಾಗ ಆಟ ಐತಿ! ಹೂಂ, ಬೀಗರೂ ಬರಾಕತ್ತಾರ! ಹಳೇ ರಾಮ ಸಾಲಂಗಿಲ್ಲ ಬಿಡ್ರಿ, ಅದರಾಗ ಏನೂ ಉಳದಿಲ್ಲ! ಯುದ್ಧ ಶುರು ಆತಂದ್ರ ನಡುವ ಕುಂತಬಿಡತೈತಿ! ತಗದು ಒಗಿಯೂದs ಛಲೋ. ಎಂಟರ ರಾಮ ತಗದಿಡ್ರಿ, ನಾಳೆ ಬಂದು ಒಯ್ತೇನಿ. ಸೆಕೆಂಡ್ ಹಾಂಡ್ ಆದ್ರೂ ನಡೀತೈತಿ!”

ಕಟ್ಟೆಯ ಆ ತುದಿಗೆ ಕಂಬಳಿ ಹೊದ್ದು ಕುಳಿತಿದ್ದ ಕನಕಪ್ಪ ಇದನ್ನೆಲ್ಲ ಕೇಳಿಸಿಕೊಂಡ.

ಆಡೂರಿನಲ್ಲಿ ಆಟ ಎಂದರೆ ಒಂದೇ ಆಟ. ಕಿರೀಟ ಭುಜಕೀರ್ತಿ ಕಟ್ಟಿ, ಮದ್ದಳೆಯ ಪೆಟ್ಟಿಗೆ ಕುಣಿದು, ರಾತ್ರಿಯೆಲ್ಲ ರಾಮಾಯಣ ಆಡುವ ದೊಡ್ಡಾಟ. ಉಳಿದದ್ದೆಲ್ಲ ಹುಡುಗಾಟಿಕೆ. ಆ ಆಟದಲ್ಲಿ ಮೀಸೆ ಮೂಡಿದಂದಿನಿಂದ ರಾಮನ ಪಾತ್ರ ಕಟ್ಟಿದವನು ಕನಕಪ್ಪ. ಕೊನೆಯ ಆಟದಲ್ಲಿ ರಾವಣನ ಮೇಲೆ ಬಾಣ ಹೂಡಿ ನಿಂತಾಗ ಅವನ ಮೊಣಕಾಲು ಹಿಡಿದುಕೊಂಡು, ಯುದ್ಧದ ನಡುವೆಯೇ ಕುಕ್ಕರಿಸಿಬಿಟ್ಟಿದ್ದ. ರಾವಣನೇ ಬಂದು ರಾಮನ ಕಾಲು ತಿಕ್ಕಬೇಕಾಯಿತು. ಅಂದು ನಿಂತ ಆಟ ಆಡೂರಿನಲ್ಲಿ ಮತ್ತೆ ಆಗಿರಲಿಲ್ಲ. ಕನಕಪ್ಪನಿಗೆ ಆ ನೋವು ಮೊಣಕಾಲಿನಿಂದ ಎದೆಗೆ ಏರಿ ಕುಳಿತಿತ್ತು. ಈಗ ಊರ ಗುಡಿಯ ಮುಂದೆ ನಿಂತು ಒಬ್ಬ ಝೆರಾಕ್ಸಿನವನು, ಹಳೇ ರಾಮನನ್ನು ತೆಗೆದು ಒಗೆಯುತ್ತೇನೆ ಎನ್ನುತ್ತಿದ್ದಾನೆ!

ಕನಕಪ್ಪ ನೇರ ಆಟದ ಮಾಸ್ತರ ಉಳವಪ್ಪನ ಮನೆಗೆ ಹೋದ. ಮದ್ದಳೆ ಬಾರಿಸುವವನೂ, ಪಾತ್ರಗಳನ್ನು ಮಾತಾಡಿಸುವ ಸಾರಥಿಯೂ ಅವನೇ. ಉಳವಪ್ಪನಿಗೆ ಮೊದಲು ಕೇಳಿಸಿದ್ದು ಊರಲ್ಲಿ ಮತ್ತೆ ಆಟ ಇದೆ ಎಂಬುದಷ್ಟೇ. ಅಟ್ಟ ಹತ್ತಿ ಮದ್ದಳೆ ಇಳಿಸಿದ. ಸುದ್ದಿ ನಿಜವೋ ಸುಳ್ಳೋ ಎಂದು ಕೇಳಲು ಹೆಂಗಸರು ಚನ್ನೇಶನ ತಾಯಿ ಹೊನ್ನವ್ವನ ಹತ್ತಿರ ಬಂದರು. ಹೊನ್ನವ್ವ ನಳದ ಕೆಳಗೆ ಕೊಡ ಇಟ್ಟು ಹೆಮ್ಮೆಯಿಂದ, “ಹೌದಬೇ. ನಮ್ಮ ಚನ್ನ್ಯಾ ಎಂಟು ರಾಮ ತರಾಕ ಸಾವಣೂರಿಗೆ ಹೋಗ್ಯಾನ. ಒಂದು ಕೆಟ್ರ ಒಂದು ಇರ್ಲಿ ಅಂತ” ಎಂದಳು.

ಅತ್ತ ಸಾವಣೂರಿನಲ್ಲಿ ಇರ್ಫಾನ ಒಂದು ಹಸಿರು ಪಟ್ಟಿಯನ್ನು ಚನ್ನೇಶನ ಮುಂದಿಟ್ಟು, “ಓಡ್ತಂದ್ರ ನಿಮ್ಮ ನಸೀಬರಿ” ಎಂದ.

“ಓಡ್ಲಿಲ್ಲಂದ್ರ?”

“ಅದೂ ನಿಮ್ಮದs ನಸೀಬರಿ. ನಂದ್ಯಾಕ ಆಕೈತಿ?”

ಇಷ್ಟು ಸ್ವಚ್ಛ ವ್ಯವಹಾರ ಚನ್ನೇಶನಿಗೆ ಬಹಳ ಹಿಡಿಸಿತು. ಆಟದ ಚಿತ್ರ ಚೆಂದ ಕಾಣಲು ಇನ್ನೊಂದು ಕಾರ್ಡು ಬೇಕಾಗುತ್ತದೆ ಎಂದು ಇರ್ಫಾನ ಹೇಳಿದ. ಆದರೆ ಕೂಲರಿನ ದುಡ್ಡು ರಾಮನಿಗೇ ಮುಗಿದಿತ್ತು. ಉಳಿದ ಚಿಲ್ಲರೆಯಲ್ಲಿ ಅವ್ವನಿಗೆ ಸಾವಣೂರಿನ ಎಲೆಯ ಒಂದು ಕಟ್ಟು ಕೊಂಡು, ಅದೇ ಚೀಲದಲ್ಲಿ ರಾಮನನ್ನೂ ಇಟ್ಟುಕೊಂಡು ಬಸ್ಸು ಹತ್ತಿದ.

ಆಡೂರಿನಲ್ಲಿ ಇಳಿಯುವಾಗ ಉಳವಪ್ಪ ಬಸ್ಸಿನ ಬಾಗಿಲಿಗೇ ಬಂದು ನಿಂತಿದ್ದ. ಚನ್ನೇಶನ ಹಿಂದೆ ಇನ್ನೂ ಯಾರಾದರೂ ಇಳಿಯುತ್ತಾರೋ ಎಂದು ಇಣುಕಿ ನೋಡಿ, “ರಾಮ ಎಲ್ಲೋ ತಮ್ಮಾ?” ಎಂದ.

“ಬಂತು ಕಾಕಾ. ಚೀಲದಾಗ ಐತಿ.”

ಉಳವಪ್ಪ ಚೀಲ ನೋಡಿದ. ವೀಳ್ಯದೆಲೆಯ ತುದಿ ಕಾಣುತ್ತಿತ್ತು. “ಎಂಟೂ?”

“ಎಂಟೂ ಒಂದರಾಗs ಅದಾವ.”

ಉಳವಪ್ಪ ಎರಡೂ ಕೈ ಎತ್ತಿ ಚೀಲಕ್ಕೆ ಮುಗಿದ. ಚನ್ನೇಶನೂ ಮರ್ಯಾದೆಗೆ ವಾಪಸು ಕೈ ಮುಗಿದು ಮನೆಗೆ ನಡೆದ.

ಮನೆಯಲ್ಲಿ ಪಂಚಾಯತಿಯ ಅಧಿಕಾರಿ ಪ್ರಾಣೇಶ ಕುಳಿತು ಚಹ ಕುಡಿಯುತ್ತಿದ್ದರು. ಮೂರು ತಲೆಮಾರು ಪುರಾಣ ಹೇಳಿದ ಮನೆತನದವರು ಅವರು. ಕಚೇರಿ ಕೆಲಸಕ್ಕೆ ಬಂದರೂ ಶಾಸ್ತ್ರಕ್ಕೆ ಧಕ್ಕೆಯಾದರೆ ಸುಮ್ಮನಿರುತ್ತಿರಲಿಲ್ಲ.

“ಚನ್ನೇಶ, ಆಟ ಇಟ್ಟೀಯಂತಲ್ಲ. ಒಂದು ಅರ್ಜಿ ಕೊಡಬೇಕಿಲ್ಲೋ?”

“ಕಂಪ್ಯೂಟರ್ ಆಟಕ್ಕೂ ಅರ್ಜಿ ಬೇಕೇನ್ರಿ ಸರ?”

“ಎದರಾಗ ಬೇಕಾದ್ರ ಆಡಸು, ಮಂದಿ ಕೂಡೋದು ಕೂಡೋದs. ಅದು ಇರಲಿ. ಎಂಟು ಮಂದಿ ರಾಮರನ್ನ ಮಾಡ್ಲಿಕ್ಕತ್ತೀ ಅಂತ ಕೇಳಿದೆ. ಯಾವ ರಾಮಾಯಣದಾಗ ಅದ ಇದು? ಅವತಾರ ಇರೋವೇ ಹತ್ತು. ಎಂಟು ರಾಮಗs ಕೊಟ್ರ ಉಳಿದವರು ಎಲ್ಲಿ ಹೋಗಬೇಕು? ಮತ್ತ ಕನಕಪ್ಪ ಅನ್ನ ಬಿಟ್ಟು ಕೂತಾನ, ಹಳೇ ರಾಮನ್ನ ಒಗೀತಾರ ಅಂತ.”

ಆಗ ಚನ್ನೇಶನಿಗೆ ಊರು ತಿಳಿದುಕೊಂಡದ್ದು ಏನೆಂಬುದು ತಿಳಿಯಿತು. ಚಪ್ಪಲಿ ಕೂಡ ಹಾಕಿಕೊಳ್ಳದೆ ಕನಕಪ್ಪನ ಮನೆಗೆ ಓಡಿದ. ಕನಕಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ.

“ಕಾಕಾ, ತಪ್ಪು ತಿಳಕೋಬ್ಯಾಡ್ರಿ. ನಾ ಅಂದದ್ದು ನಿಮಗಲ್ಲ. ಕಂಪ್ಯೂಟರಿನ ಒಳಗಿನ ರಾಮಗ.”

“ರಾಮ ಎಲ್ಲಾದರ ಒಳಗೂ ಅದಾನ,” ಎಂದ ಕನಕಪ್ಪ ಗೋಡೆಗೆ. “ಅದನ್ನ ನನಗ ಹೇಳಾಕ ಬರಬ್ಯಾಡ.”

“ಹಂಗಲ್ರಿ, ನೋಡ್ರಿಲ್ಲೆ, ಇದs ರಾಮ” ಎಂದು ಚನ್ನೇಶ ಹಸಿರು ಪಟ್ಟಿ ತೆಗೆದು ಹಿಡಿದ. ಅದರ ಒಂದು ಅಂಚಿನ ತುಂಬ ಸಣ್ಣ ಸಣ್ಣ ಹಳದಿ ಗೆರೆಗಳಿದ್ದವು.

ಕನಕಪ್ಪ ಎದ್ದು ಕುಳಿತು ತನ್ನ ಬೋಳು ತಲೆಯನ್ನು ಒಮ್ಮೆ ಸವರಿಕೊಂಡ. “ಬಾಚಣಿಕಿ ತೋರಿಸಿ ಅಣಗಸ್ತೀ? ಚನ್ನೇಶಾ, ಬೇಕಾದ್ದು ಅಂದಿದ್ರ ಸೈರಿಸ್ಕೋತಿದ್ದೆ. ‘ಕುಂತಬಿಡತೈತಿ’ ಅಂದಿ. ‘ಕುಂತಬಿಡ್ತಾರ’ ಅನ್ಲಿಲ್ಲ, ‘ಕುಂತಬಿಡ್ತಾನ’ ಅಂತ್ನೂ ಅನ್ಲಿಲ್ಲ. ಎಮ್ಮಿಗೆ ಅಂದಂಗ ‘ಐತಿ’ ಅಂದಿ! ಐತವಾರ ನಾ ವೇಷ ಕಟ್ಟಿ ಬರ್ತೇನಿ. ನಿನ್ನ ಎಂಟೂ ರಾಮರು ಬರ್ಲಿ. ಯಾರು ನಿಲ್ತಾರ, ಯಾರು ಕುಂದ್ರತಾರ, ಊರs ನೋಡ್ಲಿ.”

ವ್ಯಾಕರಣದ ತಪ್ಪಿಗೆ ಕ್ಷಮೆಯಿಲ್ಲ. ಚನ್ನೇಶ ತಲೆ ತಗ್ಗಿಸಿ ಹಿಂದಿರುಗಿದ.

ಐತವಾರ ಹೊತ್ತು ಇಳಿಯುವುದರೊಳಗೆ ಚನ್ನೇಶನ ಮನೆಯ ಮುಂದೆ ಚಾಪೆ, ಕಂಬಳಿ, ಗೋಣಿಚೀಲಗಳು ಹಾಸಿ ಮುಗಿದಿದ್ದವು. ಮಿರ್ಚಿ ಭಜಿಯ ಗಾಡಿ ಬಂದು ನಿಂತಿತ್ತು. ಉಳವಪ್ಪ ಮದ್ದಳೆ ಇಟ್ಟುಕೊಂಡು ಮುಂದೆಯೇ ಕುಳಿತಿದ್ದ. ಒಳಗೆ ಕದ ಹಾಕಿಕೊಂಡು ಚನ್ನೇಶ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಬೆವರುತ್ತಿದ್ದ, ಶ್ವೇತಾ ಬ್ಯಾಟರಿಯ ಬೆಳಕು ಹಿಡಿದು ನಿಂತಿದ್ದಳು. ಹೊಸ ರಾಮ ಕೂಡುತ್ತಿಲ್ಲ. ಪಟ್ಟಿಯ ಕಚ್ಚು ಒಂದು ಕಡೆ, ಒಳಗಿನ ಹಲ್ಲು ಇನ್ನೊಂದು ಕಡೆ. ಹನುಮಪ್ಪನನ್ನು ನೆನೆದು ಅಂಗೈಯಿಂದ ಒತ್ತಿದ. ಟಕ್ ಎಂದಿತು. ಬಟನ್ ಒತ್ತಿದರೆ ಕಂಪ್ಯೂಟರ್ ಒಂದೇ ದನಿಯಲ್ಲಿ ಪೀಂ, ಪೀಂ, ಪೀಂ ಎಂದು ಅರಚತೊಡಗಿತು.

ಹೊರಗೆ ಉಳವಪ್ಪ ಕಿವಿಗೊಟ್ಟು, “ಶ್ರುತಿ ಕೊಟ್ರು ನೋಡು!” ಎಂದು ಆ ದನಿಗೆ ಮದ್ದಳೆ ಹೊಂದಿಸಿಕೊಂಡ.

ಅಷ್ಟರಲ್ಲಿ ಸುದೀಪನ ಬೈಕು ಬಂತು. ಕೂಡಿದ ಮಂದಿಯನ್ನು ಕಂಡು ಅವನಿಗೆ ಸ್ವಲ್ಪ ಗಾಬರಿಯಾಯಿತು, ಆಮೇಲೆ ಸಂತೋಷವೇ ಆಯಿತು. ಮಾಮಾನ ಫಜೀತಿ ನೋಡಲು ಇಷ್ಟು ಜನ! ಮೊಬೈಲು ತೆಗೆದು ಚಿತ್ರೀಕರಣ ಶುರು ಮಾಡಿದ. ಹೊನ್ನವ್ವ ಕದ ಬಡಿದು, “ಏ ಚನ್ನ್ಯಾ, ಮಂದಿ ಎಲ್ಲಾ ಹೊರಗ ಕುಂತಾರ, ನೀ ಒಳಗ ಆಟ ಆಡ್ತೀ? ಹೊರಗ ತಗೊಂಡ ಬಾ” ಎಂದು ಅಪ್ಪಣೆ ಮಾಡಿದಳು.

ಶ್ವೇತಾ ಮೆಲ್ಲಗೆ, “ಹಳೇದನ್ನs ಹಾಕ್ರಿ. ಬರೇ ಚಾಲೂ ಆದ್ರೂ ಆಗ್ಲಿ” ಎಂದಳು. ಹಳೇ ರಾಮ ತನ್ನ ಜಾಗದಲ್ಲಿ ಸುಮ್ಮನೆ ಹೋಗಿ ಕುಳಿತುಕೊಂಡಿತು, ಪೀಂ ನಿಂತಿತು. ಗಂಡ ಹೆಂಡತಿ ಡಬ್ಬಿ, ಪರದೆ, ವಾಯರು ಎಲ್ಲ ಹೊತ್ತು ಮನೆಯ ಮುಂದಿನ ಕಟ್ಟೆಯ ಮೇಲಿನ ಮೇಜಿಗೆ ತಂದರು. ಡಬ್ಬಿ ಬಿಸಿಯಾದೀತೆಂದು ಬದಿಗೆ ಟೇಬಲ್ ಫ್ಯಾನು ಹಚ್ಚಿದರು. ಸುದೀಪ ಪೆನ್ ಡ್ರೈವಿನಿಂದ ಆಟ ಏರಿಸಿದ. ಅದು ಏರುವಷ್ಟರಲ್ಲಿ ಒಂದು ಗಾಡಿ ಭಜಿ ಖಾಲಿಯಾಯಿತು.

ಕೊನೆಗೆ ಪರದೆಯ ಮೇಲೆ ಯುದ್ಧಭೂಮಿ ಮೂಡಿತು. ಸೈನಿಕ ಬಂದ. ಬಂದೂಕು ಹಿಡಿದು ಓಡಲೆಂದು ಒಂದು ಕಾಲು ಎತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ.

“ಮಾಮಾ, ನಿಂತೈತಿ!” ಎಂದು ಸುದೀಪ ಹೊಟ್ಟೆ ಹಿಡಿದುಕೊಂಡು ನಕ್ಕ. ಬೇರೆ ಯಾರೂ ನಗಲಿಲ್ಲ, ಅದೇ ಹೆಚ್ಚು ಭಯಂಕರವಾಗಿತ್ತು. ಇಡೀ ಊರು ಚನ್ನೇಶನ ಮುಖ ನೋಡುತ್ತಿತ್ತು. ಕುರ್ಚಿ ಹೋಯಿತು, ತುಪ್ಪ ಹೋಯಿತು, ಹೆಂಡತಿಯ ತವರಿನ ಮಾನ ಹೋಯಿತು. ಚನ್ನೇಶನಿಗೆ ನಿಜವಾಗಿ ಅಳು ಬಂತು.

ಯುದ್ಧದ ನಡುವೆ, ಮಂದಿಯ ಎದುರು, ಮುಂದೆ ಸಾಗದೆ ನಿಲ್ಲುವುದೆಂದರೆ ಏನೆಂದು ಆ ಊರಿನಲ್ಲಿ ಇನ್ನೊಬ್ಬನಿಗೆ ಗೊತ್ತಿತ್ತು. ಜಗಳಕ್ಕೆಂದೇ ಕಿರೀಟ ಕಟ್ಟಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು, ಭಜಿಯ ಗಾಡಿಯ ಹಿಂದೆ ಕಾಯುತ್ತಿದ್ದ ಕನಕಪ್ಪ ಒಂದು ಗಳಿಗೆ ಚನ್ನೇಶನನ್ನೇ ನೋಡಿದ. ಆಮೇಲೆ ಮಂದಿಯನ್ನು ಸರಿಸಿಕೊಂಡು ಕಟ್ಟೆ ಹತ್ತಿ, ಪರದೆಯ ಪಕ್ಕ ಬಂದು ನಿಂತ.

“ಉಳವಪ್ಪಾ, ಬಾರ್ಸು.”

ಉಳವಪ್ಪನ ಕೈ ಅದಕ್ಕಾಗಿಯೇ ಕಾಯುತ್ತಿತ್ತು. ಮದ್ದಳೆ ನುಡಿಸಿ, ಪರದೆಯ ಸೈನಿಕನತ್ತ ಕೈ ಚಾಚಿ, ಆಟದ ದನಿಯಲ್ಲಿ ಕೇಳಿದ: “ಭಲಾ ವೀರನೇ! ನಟ್ಟನಡು ರಣದಲ್ಲಿ ಒಂಟಿ ಕಾಲೆತ್ತಿ ನಿಂತಂಥವರು ದಾರು? ತಮ್ಮ ನಾಮಧೇಯವೇನು?”

ಸೈನಿಕನ ಪರವಾಗಿ ಕನಕಪ್ಪ ಗುಡುಗಿದ: “ಅಹೋ ಸಾರಥೀ! ಎತ್ತಿದ ಈ ಪಾದವನ್ನು ಧರ್ಮದ ನೆಲಕ್ಕೆ ಇಡಲೋ, ಅಧರ್ಮದ ಎದೆಗೆ ಇಡಲೋ ಎಂದು ಯೋಚಿಸುತ್ತಿರುವ ದಶರಥ ಕುಮಾರ ರಾಮಚಂದ್ರನೆಂದು ತಿಳಿಯುವಂಥವನಾಗು!”

ಮದ್ದಳೆಯ ಮುಕ್ತಾಯದ ಪೆಟ್ಟು ಬಿತ್ತು. ಅದೇ ಪೆಟ್ಟಿಗೆ ಸರಿಯಾಗಿ ಸೈನಿಕನ ಕಾಲು ಕೆಳಗಿಳಿಯಿತು.

ಆಡೂರು ಹೋ ಎಂದಿತು. ಮುಂದೆ ಕುಳಿತ ಮುದುಕಿಯೊಬ್ಬಳು, “ನೋಡಿದ್ರೇನಬೇ, ಎಷ್ಟು ವಿಚಾರ ಮಾಡಿ ಹೆಜ್ಜಿ ಇಡ್ತಾನ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿಂದ ಮುಂದೆ ಆಟ ಏರಿತು. ಸೈನಿಕ ಮಂಡಿಯೂರಲು ತೆಗೆದುಕೊಂಡ ಹೊತ್ತಿನಲ್ಲಿ ಕನಕಪ್ಪ ಒಂದು ಪದ ಪೂರ್ತಿ ಹಾಡಿದ. ಆಕಾಶದಲ್ಲಿ ಕಾಣಿಸಿಕೊಂಡ ಹೆಲಿಕಾಪ್ಟರು ಪುಷ್ಪಕ ವಿಮಾನವೆಂದು ಎಲ್ಲರಿಗೂ ಹೇಳದೆಯೇ ಗೊತ್ತಾಯಿತು. ಅದು ಗಾಳಿಯಲ್ಲಿ ಅಲುಗದೆ ನಿಂತಾಗ ರಾವಣನ ಬಡಿವಾರದ ಮಾತುಗಳನ್ನೂ ಕನಕಪ್ಪನೇ ಆಡಿ ಮುಗಿಸಿದ. ಕಾಲು ನೋಯಲಿಲ್ಲ, ಯಾಕೆಂದರೆ ಕುಣಿಯುವ ಕೆಲಸ ಪರದೆಯವನದು, ಮಾತಷ್ಟೇ ಇವನದು. ಸುದೀಪ ಬೇಸತ್ತು ಕೀಲಿಗಳನ್ನು ಪಟಪಟ ಒತ್ತಲು ಹೋದರೆ ಹೊನ್ನವ್ವ ಅವನ ಕೈಮೇಲೆ ಹೊಡೆದು, “ಅವಸರ ಮಾಡಬ್ಯಾಡ ತಮ್ಮಾ, ರಾಮಂದು ಮಾತು ಮುಗೀಲಿ” ಎಂದಳು.

ಗುಂಪಿನಿಂದ ಯಾರೋ ಕೂಗಿ ಕೇಳಿದರು: “ಚನ್ನೇಶಾ, ಇದು ಸಾವಣೂರ ರಾಮೇನೋ?”

“ಅಲ್ರಿ,” ಎಂದ ಚನ್ನೇಶ, ಕನಕಪ್ಪನ ಕಡೆ ನೋಡುತ್ತ. “ಹೊಸಾದು ಕೂಡ್ಲಿಲ್ಲ. ನಮ್ಮ ಹಳೇ ರಾಮರs ಅದಾರ್ರಿ. ಅವರs ನಿಂತು ನಡಸಾಕತ್ತಾರ.”

ಕನಕಪ್ಪ ಕಿರೀಟ ಸರಿಮಾಡಿಕೊಂಡ. ಬಣ್ಣದ ಮುಖದಲ್ಲಿ ಎರಡು ಗೆರೆ ಒದ್ದೆಯಾದವು.

ರಾವಣನಿಗೆ ಇನ್ನೇನು ಗುಂಡು ತಗಲಬೇಕು ಎನ್ನುವಾಗ ಕರೆಂಟು ಹೋಯಿತು. ಕತ್ತಲೆಯಲ್ಲೇ ಉಳವಪ್ಪ ಮಂಗಳ ಹಾಡಿ ಮುಗಿಸಿದ. ಸುದೀಪ ಮಾತ್ರ ಪಂದ್ಯ ಬಿಡಲು ತಯಾರಿರಲಿಲ್ಲ. “ಮಾಮಾ, ಅದು ಓಡ್ಲಿಲ್ಲ. ತೆವಳ್ತು” ಎಂದ.

ಕನಕಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. “ತಮ್ಮಾ, ಓಡೂದು ಮಾಯಾ ಜಿಂಕಿ. ರಾಮ ನಡೀತಾನ.”

ಊರ ಮಂದಿಯೆಲ್ಲ ಹೌದೌದು ಎಂದು ಚಪ್ಪಾಳೆ ತಟ್ಟಿದರು. ಸುದೀಪ ಬಗ್ಗಿ ಚನ್ನೇಶನ ಕಾಲು ಮುಟ್ಟಿದ. ಶ್ವೇತಾ ಆಗಲೇ ತವರಿಗೆ ಫೋನು ಹಚ್ಚಿದ್ದಳು. ಕುರ್ಚಿ ಉಳಿಯಿತು, ತುಪ್ಪವೂ ಉಳಿಯಿತು.

ಆದರೆ ಸೇಡು ಬಿಡದ ಸುದೀಪ, ಮಂದಿ ನಗಾಡಲಿ ಎಂದು ಮೊಬೈಲಿನ ಆ ಚಿತ್ರೀಕರಣವನ್ನು ತನ್ನ ಊರೆಲ್ಲ ಹಂಚಿಬಿಟ್ಟ. ವಾರದೊಳಗೆ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಿಂದ ನಾಲ್ಕು ಮಂದಿ ಹಿರಿಯರು ಎಲೆ-ಅಡಿಕೆ ಹಿಡಿದು ಚನ್ನೇಶನ ಮನೆಗೆ ಬಂದರು. ಅವರ ಊರಲ್ಲೂ ಆಟ ಆಗಬೇಕಂತೆ. ಕನಕಪ್ಪನವರು ಬರಲೇಬೇಕಂತೆ, ಮಷಿನ್ನೂ ಬರಲೇಬೇಕಂತೆ. ಚನ್ನೇಶ ಉಬ್ಬಿಹೋಗಿ, “ಬರ್ತೇವ್ರಿ. ಅಷ್ಟರಾಗ ಮಷಿನ್ನಿಗೆ ಸರಿಯಾದ ಹೊಸಾ ರಾಮ ಹಾಕಿಸಿ, ಜೋರ್ ಮಾಡಿ ತರ್ತೇನಿ” ಎಂದ.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯನೊಬ್ಬ ಕೆಮ್ಮಿ, ಎಲೆ-ಅಡಿಕೆಯನ್ನು ಸ್ವಲ್ಪ ತನ್ನ ಕಡೆಗೇ ಎಳೆದುಕೊಂಡ.

“ಹಂಗ ಮಾಡಬ್ಯಾಡ್ರಿ. ಇದ್ದದ್ದs ನಮಗ ಭಾಳ ಲಗೂ ಅನಿಸೇತಿ. ನಿಮ್ಮೂರಾಗ ಕರೆಂಟ್ ಹೋಗೂದ್ರಾಗ ರಾವಣನ್ನ ಕೊಲ್ಲೂತನ ಬಂದಬಿಟ್ಟೀರಿ. ನಮ್ಮೂರ ಮಂದಿ ಬೆಳಕು ಹರಿಯೂತನ ಕುಂದ್ರಾವ್ರು. ಇದನ್ನ ಇನ್ನೊಂದೀಟು ಸಾವಕಾಶ ಮಾಡಾಕ ಬರತೈತೇನ್ರಿ?”

ಚನ್ನೇಶ ಗುಡಿಯ ಕಟ್ಟೆಗೆ ಹೋಗಿ ಸಾವಣೂರಿಗೆ ಕೂಗಿದ: “ಇರ್ಫಾನ್ ಭಾಯ್! ಹೊಸಾದು ಬ್ಯಾಡ! ಈಗ ಇರೂದಕ್ಕಿಂತಾ ಸಣ್ಣದು, ಇನ್ನೂ ಹಳೇದು ಇದ್ರ ಹೇಳ್ರಿ! ಸಾವಕಾಶ ಆಗಬೇಕ್ರಿ, ಸಾವಕಾಶ!”

ಆ ಕಡೆ ಹಳೆಯ ಸಾಮಾನಿನ ಡಬ್ಬಿಯೊಂದನ್ನು ಕಲಕುವ ಸದ್ದು ಕೇಳಿತು. ಆಮೇಲೆ ಇರ್ಫಾನ ಹೇಳಿದ:

“ಸಿಗತೈತ್ರಿ ಅಣ್ಣಾರ. ಆದ್ರ ಖರ್ಚ ಭಾಳ ಆಗತೈತ್ರಿ.”